‘ನಾರ್ಮಲ್’ ರಿಪೋರ್ಟ್‌ಗೆ ಮೂರ್ಛೆಯ ಹುಡುಕಾಟ ನಿಲ್ಲದಿರಲಿ

ಮಾನ್ಯರೇ,

ಫಿಟ್ಸ್ ಬಂದವರಿಗೆ ಸಾಯುವ ತನಕ ಮಾತ್ರೆಯೇ ಗತಿ ಎಂಬ ನಂಬಿಕೆ ನಮ್ಮ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಗಟ್ಟಿಯಾಗಿದೆ. ಮೂರ್ಛೆ ರೋಗಿಗಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಮಾತ್ರೆಯೂ ಹಿಡಿಯುವುದಿಲ್ಲ. ಸರಿಯಾಗಿ ಆರಿಸಿದ ಎರಡು ಔಷಧಿಗಳಿಗೂ ಫಿಟ್ಸ್ ಬಗ್ಗದಿದ್ದರೆ, ಅದು ಮಿದುಳಿನ ಯಾವ ಜಾಗದಲ್ಲಿ ಹುಟ್ಟುತ್ತಿದೆ ಎಂದು ಹುಡುಕಬೇಕು. ಈ ಮಾತನ್ನು ಮನೆಯವರಿಗೆ ಹೇಳುವವರೇ ಇಲ್ಲ.

ನಮ್ಮ ತೋಟದ ಕಾರ್ಮಿಕರೊಬ್ಬರ ಮಗಳಿಗೆ ಫಿಟ್ಸ್ ಬರುವಾಗ ಮೊದಲು ದೃಷ್ಟಿ ಒಂದೇ ಕಡೆ ನೆಟ್ಟುಬಿಡುತ್ತದೆ. ತುಟಿ ಚಪ್ಪರಿಸುತ್ತಾಳೆ, ಬಲಗೈ ಲಂಗದ ಅಂಚನ್ನು ಹಿಸುಕುತ್ತಿರುತ್ತದೆ, ಆಮೇಲೆ ಬೀಳುತ್ತಾಳೆ. ಸಾಲ ಮಾಡಿ ತೆಗೆಸಿದ ಎಂಆರ್‌ಐ ‘ನಾರ್ಮಲ್’ ಎಂದು ಬಂತು, ಅಲ್ಲಿಗೆ ಎಲ್ಲರೂ ಕೈಚೆಲ್ಲಿದರು. ಆದರೆ ತಲೆನೋವಿಗೂ ಮಾಡುವ ಆ ಮಾಮೂಲಿ ಸ್ಕ್ಯಾನ್‌ನ ಪದರಗಳು ದಪ್ಪ. ಮಿದುಳಿನಲ್ಲಿ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಎಂಬ ಭಾಗ ಕುಗ್ಗಿರುವುದು, ಮಿದುಳಿನ ಹೊರಪದರದಲ್ಲಿ ಹುಟ್ಟಿನಿಂದಲೇ ಇರುವ ಸಣ್ಣ ದೋಷ ಅದರಲ್ಲಿ ಕಣ್ತಪ್ಪಬಹುದು. ಮೂರ್ಛೆಗೆಂದೇ ಮಾಡುವ ಎಂಆರ್‌ಐಯಲ್ಲಿ ಪದರಗಳು ಸುಮಾರು 1 ಮಿಲಿಮೀಟರ್. ಅದರಲ್ಲೂ ಕಾಣದಿದ್ದರೆ ಪೆಟ್ ಸ್ಕ್ಯಾನ್ ಇದೆ: ಫಿಟ್ಸ್ ಇಲ್ಲದ ಹೊತ್ತಿನಲ್ಲಿ ಗ್ಲೂಕೋಸ್ ಕಡಿಮೆ ಬಳಸುತ್ತಿರುವ ಭಾಗವನ್ನು, ಫಿಟ್ಸ್ ಹುಟ್ಟುವ ಜಾಗದ ಸುಳಿವಾಗಿ, ಅದು ತೋರಿಸುತ್ತದೆ. ಫಿಟ್ಸ್ ಶುರುವಾದ ಕೂಡಲೇ ಇಂಜೆಕ್ಷನ್ ಕೊಟ್ಟು ಮಾಡುವ ಸ್ಪೆಕ್ಟ್ ಸ್ಕ್ಯಾನ್, ರಕ್ತ ಹೆಚ್ಚು ಹರಿದ ಜಾಗವನ್ನು ಹಿಡಿಯುತ್ತದೆ. ಇವೆಲ್ಲ ವಿಡಿಯೊ ಇಇಜಿಯೊಂದಿಗೆ (ರೋಗಿಯ ವಿಡಿಯೊ ತೆಗೆಯುತ್ತಲೇ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ) ತಾಳೆಯಾದರೆ ಆ ಭಾಗವನ್ನು ಆಪರೇಷನ್ ಮಾಡಿ ತೆಗೆಯುವ ಯೋಚನೆ ಮಾಡಬಹುದು.

ದೆಹಲಿಯ ಏಮ್ಸ್ ವೈದ್ಯರು 116 ಮಕ್ಕಳ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಪರೇಷನ್ ಆದವರಲ್ಲಿ ಶೇ 77ರಷ್ಟು ಮಕ್ಕಳು ಒಂದು ವರ್ಷದ ಹೊತ್ತಿಗೆ ಫಿಟ್ಸ್‌ನಿಂದ ಮುಕ್ತರಾಗಿದ್ದರು. ಮಾತ್ರೆಯನ್ನಷ್ಟೇ ನಂಬಿದವರಲ್ಲಿ ಶೇ 7 ಮಾತ್ರ. ಆಪರೇಷನ್ ಎಲ್ಲರಿಗೂ ಆಗುವುದಿಲ್ಲ, ಕೆಲವರಿಗೆ ಕೈಕಾಲಿನ ಬಲ ಕುಂದಿದ್ದೂ ಉಂಟು. ಅದನ್ನೂ ಹೇಳಲಿ, ನಿರ್ಧಾರ ಮನೆಯವರು ಮಾಡಲಿ.

ಏಣಿ ಹತ್ತಿ ಕರಿಮೆಣಸು ಕೊಯ್ಯುವ, ತೋಟದ ಕೆರೆಯ ದಂಡೆಯಲ್ಲಿ ಓಡಾಡುವ ಜನರಿಗೆ ಒಂದು ಫಿಟ್ಸ್ ಸಾಕು ಜೀವ ಹೋಗಲು. ಕೊಯ್ಲಿನ ಸಮಯದಲ್ಲಿ ಕೂಲಿ ಬಿಟ್ಟು, ಯಾರನ್ನು ಕಾಣಬೇಕೆಂದೂ ತಿಳಿಯದೆ ಅವರು ಬೆಂಗಳೂರಿಗೆ ಹೋಗುವುದಾದರೂ ಹೇಗೆ? ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ತಿಂಗಳಿಗೊಮ್ಮೆಯಾದರೂ ನರರೋಗ ತಜ್ಞರ ಮೂರ್ಛೆ ಕ್ಲಿನಿಕ್ ನಡೆಯಲಿ. ಸ್ಕ್ಯಾನ್ ಚೀಟಿಯಲ್ಲಿ ‘ಮೂರ್ಛೆಗಾಗಿ’ ಎಂದು ಸ್ಪಷ್ಟವಾಗಿ ಬರೆಯಲಿ. ಮನೆಯವರು ಮೊಬೈಲ್‌ನಲ್ಲಿ ತೆಗೆದ ಫಿಟ್ಸ್‌ನ ವಿಡಿಯೊವನ್ನು ವೈದ್ಯರು ಕೇಳಿ ನೋಡಲಿ. ಮಾತ್ರೆಗೆ ಬಗ್ಗದವರನ್ನು ನಿಮ್ಹಾನ್ಸ್‌ಗೆ ಕಳಿಸುವಾಗ ಮೊದಲೇ ದಿನ ಗೊತ್ತುಮಾಡಿ, ಪತ್ರ ಕೊಟ್ಟು ಕಳಿಸಬೇಕೆಂದು ಜಿಲ್ಲಾ ಆರೋಗ್ಯಾಧಿಕಾರಿಗಳನ್ನು ಕೇಳಿಕೊಳ್ಳುತ್ತೇನೆ.

– ತೋಟದ ರೈಟರ್, ಸಿದ್ದಾಪುರ, ಕೊಡಗು