ಬ್ರೇಕ್ ಆಯಿಲ್ ಸುರಿದರೆ ಸೋರಿಕೆ ನಿಲ್ಲದು

ಮಾನ್ಯ ಸಂಪಾದಕರೆ,

ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಬರುವ ಹಂಗಾಮಿನಲ್ಲಿ ಹಾವೇರಿ, ಗದಗ, ಹುಬ್ಬಳ್ಳಿ ಕಡೆಯ ಹಳೆ ಟಾಟಾ 407 ಲಾರಿಗಳಿಗೂ ಬಿಡುವಿರುವುದಿಲ್ಲ. ಇಂಥ ಎಷ್ಟೋ ಗಾಡಿಗಳಲ್ಲಿ ಸೀಟಿನ ಹಿಂದೆ ಬ್ರೇಕ್ ಆಯಿಲ್ ಡಬ್ಬಿ ಕಾಯಂ. ಮುಂಜಾನೆ ಎದ್ದು ಕಮ್ಮಿಯಾದಷ್ಟು ಸುರಿದು ಹೊರಡುವುದೇ ರೂಢಿ. ಕೇಳಿದರೆ ‘ಹಳೀ ಗಾಡಿ, ಅಷ್ಟು ಕುಡೀತೈತ್ರಿ’ ಎನ್ನುತ್ತಾರೆ. ಬ್ರೇಕ್ ಆಯಿಲ್ ಡೀಸೆಲ್‌ನಂತೆ ಉರಿದು ಖರ್ಚಾಗುವುದಲ್ಲ. ದಿನಾ ಇಳಿಯುತ್ತಿದ್ದರೆ ಅದು ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ಮೊದಲು ಗಾಲಿಗಳ ಒಳಮೈ ನೋಡಬೇಕು. ನಮ್ಮ ಎರಿ ಮಣ್ಣು ಬ್ರೇಕ್ ಡ್ರಮ್ಮಿನ ಹಿಂದಿನ ತಗಡಿಗೆ ಮೆತ್ತಿ ಒಣಗಿತೆಂದರೆ ಸೋರಿದ ಎಣ್ಣೆಯನ್ನು ಅದೇ ಹೀರಿಕೊಂಡು ಏನೂ ಕಾಣದಂತೆ ಮಾಡುತ್ತದೆ. ಹೆರೆದು, ಒರೆಸಿ, ಹತ್ತು ಸಲ ಪೆಡಲ್ ಒತ್ತಿಸಿ ಮತ್ತೆ ನೋಡಿ. ಹಸಿ ಕಂಡಿತೆಂದು ಕೂಡಲೇ ವೀಲ್ ಸಿಲಿಂಡರ್ (ಗಾಲಿಯೊಳಗೆ ಎಣ್ಣೆಯ ಒತ್ತಡದಿಂದ ಬ್ರೇಕ್ ಹಿಡಿಸುವ ಭಾಗ) ಬಿಚ್ಚಬೇಡಿ. ಹಿಂದಿನ ಗಾಲಿಯಲ್ಲಿ ಹಬ್ ಸೀಲ್ ಹೋಗಿ ಕ್ರೌನ್ ಆಯಿಲ್, ಅಂದರೆ ಹಿಂದಿನ ಆಕ್ಸಲ್ಲಿನ ಗೇರ್ ಎಣ್ಣೆ, ಬಂದಿರಲೂಬಹುದು. ಒಂದು ಲೋಟ ನೀರಿಗೆ ಎರಡು ಹನಿ ಬಿಟ್ಟರೆ ಗೊತ್ತಾಗುತ್ತದೆ. ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆತುಹೋಗುತ್ತದೆ, ಕ್ರೌನ್ ಆಯಿಲ್ ಮೇಲೆ ತೇಲುತ್ತದೆ.

ವೀಲ್ ಸಿಲಿಂಡರೇ ಸೋರುತ್ತಿದ್ದರೆ ಬರೀ ರಬ್ಬರ್ ಕಿಟ್ ಹಾಕಿ ಕೈತೊಳೆದುಕೊಳ್ಳುವುದು ದಂಡ. ಒಳಗೋಡೆಗೆ ಬೆರಳಿಟ್ಟು ನೋಡಿ. ತುಕ್ಕಿನ ಗುಳಿ ತಾಕಿದರೆ ಹೊಸ ಕಿಟ್ಟೂ ಬೇಗನೆ ಹರಿಯುತ್ತದೆ, ಸಿಲಿಂಡರನ್ನೇ ಬದಲಿಸಬೇಕು. ಡ್ರಮ್ಮಿಗೆ ಉಜ್ಜಿ ಗಾಡಿ ನಿಲ್ಲಿಸುವ ಲೈನರ್ ಎಣ್ಣೆ ಕುಡಿದರೆ ಅದನ್ನು ಪೆಟ್ರೋಲ್ ಹಾಕಿ ಸುಡುವ ಪದ್ಧತಿ ಇನ್ನೂ ಇದೆ. ಮೇಲೆ ಒಣಗಿದಂತೆ ಕಂಡರೂ ಬಿಸಿಯಾದಾಗ ಒಳಗಿನ ಎಣ್ಣೆ ಹೊರಬಂದು ಗಾಡಿ ಒಂದು ಕಡೆಗೆ ಎಳೆಯುತ್ತದೆ. ಲೈನರ್ ಎರಡೂ ಬದಿಗೆ ಹೊಸದಾಗಿಯೇ ಹಾಕಬೇಕು.

ಹೊರಗೆಲ್ಲೂ ಹಸಿ ಇಲ್ಲ, ಆದರೂ ಆಯಿಲ್ ಇಳಿಯುತ್ತಿದೆ ಎಂದರೆ ಪೆಡಲಿನ ಬಲ ಹೆಚ್ಚಿಸುವ ಬೂಸ್ಟರ್ ಮೇಲೆ ಸಂಶಯ ಬರಬೇಕು. ಪೆಡಲ್ ಒತ್ತಿದಾಗ ಎಣ್ಣೆಯನ್ನು ಗಾಲಿಗಳಿಗೆ ದೂಡುವ ಮಾಸ್ಟರ್ ಸಿಲಿಂಡರಿನ ಹಿಂದಿನ ರಬ್ಬರ್ ಹೋದರೆ ಎಣ್ಣೆ ಬೂಸ್ಟರಿನ ಹೊಟ್ಟೆ ಸೇರುತ್ತದೆ. ಮಾಸ್ಟರ್ ಸಿಲಿಂಡರಿನ ನಟ್ ಬಿಚ್ಚಿ ಪೈಪಿಗೆ ಪೆಟ್ಟಾಗದಂತೆ ತುಸು ಮುಂದಕ್ಕೆಳೆದರೆ ಹಿಂಬದಿ ಒದ್ದೆಯಾಗಿರುವುದು ಕಾಣುತ್ತದೆ. ಪೆಟ್ರೋಲ್ ಗಾಡಿಯಲ್ಲಾದರೆ ಈ ಎಣ್ಣೆ ಎಂಜಿನ್ನಿಗೆ ಎಳೆದುಕೊಂಡು ಬಿಳಿ ಹೊಗೆ ಬರುತ್ತದೆ. ಡೈನಮೋ ಹಿಂದೆ ವ್ಯಾಕ್ಯೂಮ್ ಪಂಪ್ ಇರುವ ಡೀಸೆಲ್ ಗಾಡಿಯಲ್ಲಿ ಅದು ಎಂಜಿನ್ ಆಯಿಲ್ ಸೇರಿ ಅದನ್ನೂ ಕೆಡಿಸುತ್ತದೆ, ಹೊಗೆಯಲ್ಲಿ ಸುಳಿವೇ ಸಿಗದಿರಬಹುದು.

ಇನ್ನೊಂದು ಪರೀಕ್ಷೆ: ಎಂಜಿನ್ ಬಂದ್ ಮಾಡಿ ಐದಾರು ಸಲ ಪೆಡಲ್ ಒತ್ತಿ, ಆಮೇಲೆ ಅರ್ಧ ನಿಮಿಷ ಗಟ್ಟಿಯಾಗಿ ತುಳಿದು ಹಿಡಿಯಿರಿ. ಹೊರಗೆ ಸೋರಿಕೆ ಇಲ್ಲದೆಯೂ ಪೆಡಲ್ ಮೆಲ್ಲಗೆ ಇಳಿದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಹೋಗಿದೆ. ತುಳಿದು ಹಿಡಿದೇ ಚಾಲೂ ಮಾಡಿದಾಗ ಪೆಡಲ್ ತುಸು ತಗ್ಗಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಸ್ಪಂಜಿನಂತೆ ಮೆತ್ತಗಿದ್ದರೆ ಏರ್ ಹಿಡಿದಿದೆ. ಸಾಮಾನ್ಯವಾಗಿ ದೂರದ ಗಾಲಿಯಿಂದ, ಅಂದರೆ ಹಿಂದಿನ ಎಡಗಾಲಿಯಿಂದ ಶುರುಮಾಡಿ ತೆಗೆಯಬೇಕು.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯದು, ತೇವ ಹಿಡಿದ ಮೇಲೆ ಆ ಮಿತಿ 140ಕ್ಕೆ ಬರುತ್ತದೆ. ಲೋಡ್ ಹೊತ್ತು ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಪೆಡಲ್ ಒಮ್ಮೆಲೇ ನೆಲಕ್ಕೆ ಹೋಗುವುದಕ್ಕೆ ಎಣ್ಣೆ ಹೀಗೆ ಕುದಿದು ಆವಿಯಾಗುವುದೂ ಒಂದು ಕಾರಣ. ವರ್ಷಗಟ್ಟಲೆ ಮುಚ್ಚಳ ಬಿಚ್ಚಿಟ್ಟ ಡಬ್ಬಿಯ ಎಣ್ಣೆ ಬೇಡ. ಎಂಜಿನ್ ಆಯಿಲ್ಲನ್ನಂತೂ ಒಂದು ಹನಿಯೂ ಬೆರೆಸಬಾರದು, ರಬ್ಬರೆಲ್ಲ ಉಬ್ಬುತ್ತವೆ.

ಹೊಗೆಯ ವಿಷಯದಲ್ಲೂ ಇಂಥದೇ ಉಡಾಫೆ. ಕಪ್ಪು ಹೊಗೆ ಕಂಡ ಕೂಡಲೇ ಡೀಸೆಲ್ ಪಂಪ್ ಬಿಚ್ಚುವುದಲ್ಲ, ಮೊದಲು ಏರ್ ಫಿಲ್ಟರ್ ನೋಡಬೇಕು. ಅದು ಸ್ವಚ್ಛವಿದ್ದರೆ ಎಂಜಿನ್ನಿನೊಳಗೆ ಡೀಸೆಲ್ ಸಿಂಪಡಿಸುವ ನಾಝಲ್. ಹಳೆ ಪಂಪಿನ ಎಂಜಿನ್ ಐಡಲಿನಲ್ಲಿರುವಾಗ ಒಂದೊಂದೇ ನಾಝಲ್ ಪೈಪಿನ ನಟ್ಟನ್ನು ಬಟ್ಟೆ ಮುಚ್ಚಿ ಸಡಿಲಿಸಿದರೆ, ಯಾವುದನ್ನು ಸಡಿಲಿಸಿದಾಗ ಹೊಗೆ ಕಮ್ಮಿಯಾಗುವುದೋ ಅದೇ ಕೆಟ್ಟ ನಾಝಲ್. ಸಿಆರ್‌ಡಿಐ (ಅತಿ ಒತ್ತಡದ ಹೊಸ ಮಾದರಿ ಡೀಸೆಲ್ ಎಂಜಿನ್) ಗಾಡಿಯಲ್ಲಿ ಇದನ್ನು ಮಾಡಲೇಬಾರದು, ಆ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ. ಪಿಕಪ್ ಬೇಕೆಂದು ಪಂಪಿನ ಸೀಲ್ ಒಡೆದು ಡೀಸೆಲ್ ಏರಿಸಿಕೊಂಡವರಿಗೆ ಕಪ್ಪು ಹೊಗೆ ತಪ್ಪದು, ಪಿಸ್ಟನ್ನಿಗೂ ಆಪತ್ತು.

ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬೆಳಗ್ಗೆ ಚಾಲೂ ಮಾಡಿದಾಗ ಮಾತ್ರ ಬಂದರೆ ಹೆಚ್ಚಾಗಿ ವಾಲ್ವ್ ಗೈಡ್ ಸವೆದಿರುತ್ತದೆ, ಏರು ಹತ್ತುವಾಗ ಬಂದರೆ ಪಿಸ್ಟನ್ ರಿಂಗ್. ಥಂಡಿಯಲ್ಲಿ ಎರಡು ನಿಮಿಷ ಬಿಳಿ ಹೊಗೆ ಬಂದರೆ ಚಿಂತೆಯಿಲ್ಲ. ಬಿಸಿಯಾದ ಮೇಲೂ ನಿಲ್ಲದೆ ರೇಡಿಯೇಟರ್ ನೀರು ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿಸಬೇಕು.

ಬಿಎಸ್ 4 ಹೊಗೆ ನಿಯಮಕ್ಕಿಂತ ಹಳೆಯ ಡೀಸೆಲ್ ಗಾಡಿಗೆ ಹೊಗೆಯ ಮಿತಿ 65 ಹಾರ್ಟ್‌ರಿಜ್ ಅಂಕ (ಹೊಗೆಯ ದಟ್ಟಣೆಯ ಅಳತೆ). ಪಿಯುಸಿ ಚೀಟಿಯಲ್ಲಿ ಅವಧಿಯ ತಾರೀಖನ್ನಷ್ಟೇ ನೋಡಿ ಮಡಚಿಡುವ ಮಾಲೀಕರು ಈ ಅಂಕವನ್ನೂ ಓದಲಿ. ಆರು ತಿಂಗಳಲ್ಲಿ 40ರಿಂದ 60ಕ್ಕೆ ಏರಿದ ಗಾಡಿ ಪಾಸಾಗಿದ್ದರೂ ಕೆಟ್ಟಿದೆ. ಹುಬ್ಬಳ್ಳಿಯ ಅಮರಗೋಳ ಮತ್ತು ಬ್ಯಾಡಗಿ ಎಪಿಎಂಸಿಯವರು ಗಾಡಿಗಳು ಸರದಿಗೆ ನಿಲ್ಲುವ ಕಡೆ ಸಮತಟ್ಟಾದ ಕಾಂಕ್ರೀಟ್ ನೆಲ, ಒಂದು ದೀಪ, ಒಂದು ನಳದ ವ್ಯವಸ್ಥೆ ಮಾಡಿಕೊಟ್ಟರೆ ಚಾಲಕರು ಕಾಯುವ ಹೊತ್ತಿನಲ್ಲೇ ಗಾಲಿ ತೊಳೆದು, ಒಳಮೈ ನೋಡಿಕೊಂಡು ಹೊರಡಬಹುದು.

– ಹಳೆ ಲಾರಿ ದುರಸ್ತಿಗಾರರು, ಹುಬ್ಬಳ್ಳಿ