ಮಗಳಿಗೊಂದು ಪತ್ರ: ಆಟಕ್ಕುಂಟು, ಲೆಕ್ಕಕ್ಕಿಲ್ಲ

ರೆಡಿಂಗ್, ಮಾರ್ಚ್ 2025

ಪ್ರೀತಿಯ ಪುಟ್ಟಿಗೆ,

ಹುಟ್ಟುಹಬ್ಬದ ಕೇಕಿನ ಪಕ್ಕದಲ್ಲೇ ನಾನು ತಂದಿಟ್ಟ ಹಾಳೆಯನ್ನು ಕಂಡು ನೀನು ಮುಖ ಸಿಂಡರಿಸಿದ್ದು ಸರಿಯೇ. 16 ತುಂಬಿದ ಹುಡುಗಿಯ ಮೇಲೆ ಅಪರಾಧದ ದಾಖಲೆ ಏನಾದರೂ ಇದೆಯೇ ಎಂದು ಸರ್ಕಾರ ವಿಚಾರಿಸಲು ಹೊರಟರೆ ಯಾರಿಗೆ ತಾನೇ ಹಿತವೆನಿಸೀತು? ಬಾಯಿಮಾತಿನಲ್ಲಿ ಹೇಳಹೊರಟಾಗಲೆಲ್ಲ ಯಾವುದಾದರೂ ಮಗು ಅತ್ತು ಮಾತು ಅರ್ಧಕ್ಕೆ ನಿಲ್ಲುವುದರಿಂದ ಬರೆಯುತ್ತಿದ್ದೇನೆ. ನೀನು ಕನ್ನಡವನ್ನು ಅಕ್ಷರ ಕೂಡಿಸಿ ಕೂಡಿಸಿ ಓದುವವಳೆಂದು ಗೊತ್ತು, ಸಾವಕಾಶವಾಗಿಯೇ ಓದು.

ಇಂಗ್ಲೆಂಡಿನಲ್ಲಿ 8 ವರ್ಷದೊಳಗಿನ ಪರರ ಮಕ್ಕಳನ್ನು ಹಣ ಪಡೆದು, ದಿನಕ್ಕೆ 2 ಗಂಟೆಗಿಂತ ಹೆಚ್ಚು ಹೊತ್ತು ಸ್ವಂತ ಮನೆಯಲ್ಲಿ ನೋಡಿಕೊಳ್ಳುವವರು ಚೈಲ್ಡ್‌ಮೈಂಡರ್ ಎಂದು ನೋಂದಾಯಿಸಿಕೊಳ್ಳಲೇಬೇಕು. 2012ರಲ್ಲಿ ನಾನು, ಶಾಲೆ ಮತ್ತು ಶಿಶುಪಾಲನೆಯ ತಪಾಸಣೆ ಮಾಡುವ ಸರ್ಕಾರಿ ಸಂಸ್ಥೆಯಾದ ಆಫ್‌ಸ್ಟೆಡ್‌ಗೆ ಅರ್ಜಿ ಹಾಕಿದ ಸುದ್ದಿಯನ್ನು ತಿಪಟೂರಿಗೆ ಫೋನಿನಲ್ಲಿ ಹೇಳಿದಾಗ ನಿನ್ನ ಅಜ್ಜಿ, "ಮಕ್ಕಳಿಗೆ ಅನ್ನ ಉಣ್ಣಿಸೋದಕ್ಕೂ ಲೈಸೆನ್ಸಾ? ಹಾಗಿದ್ದರೆ ನಾನು ಐದು ಸಲ ಜೈಲಿಗೆ ಹೋಗಬೇಕಿತ್ತು" ಎಂದು ನಕ್ಕಿದ್ದರು. ನನಗೂ ಅಷ್ಟೇ ಅಂದಾಜಿತ್ತು. ಕೌನ್ಸಿಲ್ ನಡೆಸುವ ತರಗತಿ, 12 ಗಂಟೆಗಳ ಮಕ್ಕಳ ಪ್ರಥಮ ಚಿಕಿತ್ಸೆಯ ತರಬೇತಿ, ನನ್ನ ಆರೋಗ್ಯದ ಬಗ್ಗೆ ವೈದ್ಯರ ಸಹಿ, ವಿಮೆ, ಮೆಟ್ಟಿಲಿಗೆ ಗೇಟು, ಅಡುಗೆಮನೆಗೆ ಬೆಂಕಿ ಆರಿಸುವ ಹೊದಿಕೆ, ಇವೆಲ್ಲ ಒಂದೊಂದಾಗಿ ಮುಗಿದವು. ನನ್ನ ಜೊತೆಗೆ ನಿನ್ನ ಅಪ್ಪನ ಪೊಲೀಸ್ ದಾಖಲೆಯನ್ನೂ ತೆಗೆಸಿದರು. ಈಗ ಡಿಬಿಎಸ್ ಎನ್ನುವ ಆ ಪರಿಶೀಲನೆಗೆ ಆಗ ಸಿಆರ್‌ಬಿ ಎಂಬ ಹೆಸರಿತ್ತು. ಮನೆಯೇ ಮಕ್ಕಳ ಜಾಗವಾಗುವುದರಿಂದ, ಆ ಮನೆಯಲ್ಲಿ ವಾಸಿಸುವ 16 ವರ್ಷ ಮೇಲ್ಪಟ್ಟ ಪ್ರತಿಯೊಬ್ಬರೂ ಈ ಪರಿಶೀಲನೆಗೆ ಒಳಗಾಗಬೇಕು. ಈಗ ನಿನ್ನ ಸರದಿ.

ಆದರೆ ಕಾನೂನು ನಿನ್ನನ್ನು ಗಮನಿಸುತ್ತಿರುವುದು ಇದೇ ಮೊದಲಲ್ಲ. ಒಬ್ಬ ಚೈಲ್ಡ್‌ಮೈಂಡರ್ ಬಳಿ ಒಂದೇ ಹೊತ್ತಿಗೆ 8 ವರ್ಷದೊಳಗಿನ 6 ಮಕ್ಕಳಿರಬಹುದು. ಅವರಲ್ಲಿ 5 ತುಂಬದ, ಇಲ್ಲವೇ 5 ತುಂಬಿಯೂ ಮುಂದಿನ ಸೆಪ್ಟೆಂಬರ್ 1 ಬಾರದ ಎಳೆಯರು 3 ಮಂದಿಗಿಂತ ಹೆಚ್ಚಿರಬಾರದು, ಆ ಮೂವರಲ್ಲಿ ವರ್ಷ ತುಂಬದ ಕೂಸು ಸಾಮಾನ್ಯವಾಗಿ ಒಂದೇ ಇರಬೇಕು. ಈ ಎಣಿಕೆಯಲ್ಲಿ ಅವಳ ಸ್ವಂತ ಮಗುವೂ ಸೇರುತ್ತದೆ. ಮೂರೂವರೆ ವರ್ಷದ ನೀನು ಇದ್ದ 3 ಜಾಗಗಳಲ್ಲಿ ಒಂದನ್ನು ಹಿಡಿದಿದ್ದೆ. ಆ ಜಾಗಕ್ಕೆ ಯಾರೂ ಹಣ ಕೊಡುವವರಿರಲಿಲ್ಲ, ಮೂರು ವರ್ಷದ ಮಕ್ಕಳಿಗೆ ಸರ್ಕಾರ ಭರಿಸುತ್ತಿದ್ದ ವಾರದ 15 ಗಂಟೆಗಳ ಖರ್ಚನ್ನು ಹೆತ್ತ ಮಗುವಿನ ಹೆಸರಿನಲ್ಲಿ ನಾನು ಪಡೆಯುವಂತೆಯೂ ಇರಲಿಲ್ಲ.

ಇಷ್ಟು ದಿನ ನಿನಗೆ ಹೇಳದೆ ಉಳಿಸಿಕೊಂಡ ಸಂಗತಿಯೊಂದು ಇಲ್ಲಿದೆ. 2013ರ ಜನವರಿಯಿಂದ ನಿನ್ನನ್ನು ಬೆಳಗಿನ ಹೊತ್ತು ನರ್ಸರಿಗೆ ಕಳಿಸಿದ್ದು ನೀನು ಬೇರೆ ಮಕ್ಕಳೊಡನೆ ಬೆರೆಯಲಿ ಎಂದೇ ಎಲ್ಲರಿಗೂ ಹೇಳಿದ್ದೆ. ಬೆರೆಯುವುದಕ್ಕೆ ನಮ್ಮ ಮನೆಯಲ್ಲೇ ಮಕ್ಕಳಿದ್ದರಲ್ಲ! ನೀನು ಹೊರಗೆ ಹೋದಷ್ಟು ಹೊತ್ತು ನಿನ್ನ ಜಾಗ ತೆರವಾಗುತ್ತಿತ್ತು, ಆ ಹೊತ್ತಿಗೆ ಇನ್ನೊಂದು ಮಗುವನ್ನು ತೆಗೆದುಕೊಳ್ಳಬಹುದಿತ್ತು. ನಿನ್ನ ಅಪ್ಪನ ಕೆಲಸ ಆ ವರ್ಷ ಅನಿಶ್ಚಿತವಾಗಿತ್ತು ಎಂಬುದು ನಿಜ, ಆದರೆ ಅದನ್ನು ನೆಪವಾಗಿ ಮುಂದಿಡಲಾರೆ. ನಿನ್ನನ್ನು ಬಾಗಿಲಲ್ಲಿ ಬಿಟ್ಟು ಮರಳಿ, ನಿನ್ನದೇ ಕುರ್ಚಿಯಲ್ಲಿ ಮತ್ತೊಂದು ಮಗುವನ್ನು ಕೂರಿಸಿ, ನಿನ್ನದೇ ತಟ್ಟೆಯಲ್ಲಿ ಹಣ್ಣು ಕೊಟ್ಟವಳು ನಾನು.

ಆ ಹಣ್ಣಿನದೂ ಒಂದು ಕಥೆಯಿದೆ. ಇಡೀ ದ್ರಾಕ್ಷಿ ಎಳೆಯ ಮಗುವಿನ ಉಸಿರುನಾಳಕ್ಕೆ ಬಿರಡೆಯಂತೆ ಕೂತುಬಿಡುತ್ತದೆ, ಅಡ್ಡಡ್ಡ ಕೊಯ್ದರೂ ಅಪಾಯ ತಪ್ಪದು. ಉದ್ದುದ್ದಕ್ಕೆ ಸೀಳಿ ನಾಲ್ಕು ಹೋಳು ಮಾಡಬೇಕು ಎಂದು ಪ್ರಥಮ ಚಿಕಿತ್ಸೆಯ ತರಗತಿಯಲ್ಲಿ ಕಲಿತು ಬಂದಿದ್ದೆ. ಒಂದು ಮಧ್ಯಾಹ್ನ ನೀನು ನಿನ್ನ ಪಾಲಿನ ದ್ರಾಕ್ಷಿಯೊಂದನ್ನು, ಎತ್ತರದ ಕುರ್ಚಿಯಲ್ಲಿದ್ದ 14 ತಿಂಗಳ ಹುಡುಗನ ಬಾಯಿಯ ಬಳಿ ಹಿಡಿದು, "ತಗೋ, ಆ ಮಾಡು" ಎನ್ನುತ್ತಿದ್ದೆ. ನಾನು ಕಿರುಚಿ ನಿನ್ನ ಕೈಯನ್ನು ತಟ್ಟಿದ ರಭಸಕ್ಕೆ ಹಣ್ಣು ಫ್ರಿಜ್ಜಿನಡಿಗೆ ಉರುಳಿತು. ಹಂಚಿಕೊಂಡು ತಿನ್ನಬೇಕೆಂದು ಕಲಿಸಿದವಳೂ ನಾನೇ ಆಗಿದ್ದರಿಂದ ನಿನಗೆ ನಿನ್ನ ತಪ್ಪೇನೆಂದು ತಿಳಿಯಲಿಲ್ಲ. ನೀನು ಅಳಲಿಲ್ಲ, ಅತ್ತದ್ದು ಆ ಹುಡುಗ. ನಾನು ಎತ್ತಿಕೊಂಡದ್ದೂ ಅವನನ್ನೇ.

ಕೆಲಸದಲ್ಲಿ ನಗು ಇರಲಿಲ್ಲವೆಂದಲ್ಲ. ಊಟದಲ್ಲಿ ಗುರುತಿಸಿ ತಿಳಿಸಬೇಕಾದ 14 ಅಲರ್ಜಿ ಪದಾರ್ಥಗಳ ಪಟ್ಟಿಯಲ್ಲಿ ಸಾಸಿವೆಯೂ ಒಂದೆಂದು ತಿಳಿದ ದಿನ, ಮೊಸರನ್ನದ ಒಗ್ಗರಣೆಯ ಬಗ್ಗೆ ತಂದೆತಾಯಿಯರಿಗೆ ಚೀಟಿ ಬರೆಯುತ್ತ ನಾನೊಬ್ಬಳೇ ನಕ್ಕಿದ್ದೆ. ಎಳ್ಳು, ಶೇಂಗಾ ಎರಡೂ ಇದ್ದ ಚಟ್ನಿಪುಡಿಯ ಡಬ್ಬಿಯನ್ನಂತೂ ಅಟ್ಟದ ಮೇಲೆ ಏರಿಸಿಬಿಟ್ಟೆ. ತೆರಿಗೆ ಇಲಾಖೆ ಚೈಲ್ಡ್‌ಮೈಂಡರುಗಳಿಗೆ ಗಳಿಕೆಯ 10 ಶೇಕಡಾವನ್ನು ಮನೆಯ ಸಾಮಾನಿನ ಸವಕಳಿಯೆಂದು ಕಳೆಯಲು ಬಿಡುತ್ತಿತ್ತು. ಸೋಫಾದ ಸ್ಪ್ರಿಂಗು, ಕಾರ್ಪೆಟ್ಟಿನ ಬೀಟ್‌ರೂಟ್ ಕಲೆ, ಎಲ್ಲವೂ ಅದರಲ್ಲೇ ಅಡಕ. ಯಾರೋ ತುಳಿದು ಮುರಿದ ನಿನ್ನ ಗೊಂಬೆಮನೆಯೂ ಅದರಲ್ಲೇ ಸೇರಿಹೋಯಿತು.

2014ರ ಸೆಪ್ಟೆಂಬರಿನಲ್ಲಿ ನೀನು ಮೂವರ ಎಣಿಕೆಯಿಂದ ಹೊರಬಂದು ಆರರ ಎಣಿಕೆಯಲ್ಲಿ ಉಳಿದೆ. 2017ರ ಮಾರ್ಚಿನಲ್ಲಿ 8 ತುಂಬಿ ಅದರಿಂದಲೂ ಬಿಟ್ಟುಹೋದೆ. ಆ ಸಂಜೆ ನಾನು ಗೆಳತಿಯೊಬ್ಬಳಿಗೆ ಫೋನಿನಲ್ಲಿ, "ನನ್ನ ಮಗಳು ಇನ್ನು ಮೇಲೆ ಲೆಕ್ಕಕ್ಕಿಲ್ಲ ಕಣೇ" ಎಂದು ಹಿಗ್ಗಿನಿಂದ ಹೇಳುತ್ತಿದ್ದಾಗ ನೀನು ಮೆಟ್ಟಿಲಿನ ಗೇಟಿನ ಆಚೆ ಕೂತಿದ್ದೆ. ಅರ್ಥ ಕೇಳಿದೆ. ಊರಿನಲ್ಲಿ ಆಡುವಾಗ ತೀರ ಚಿಕ್ಕ ಮಕ್ಕಳನ್ನು ಆಟಕ್ಕುಂಟು, ಲೆಕ್ಕಕ್ಕಿಲ್ಲ ಎಂದು ಸೇರಿಸಿಕೊಳ್ಳುತ್ತಿದ್ದೆವು, ಅವರು ಔಟಾಗುವುದೇ ಇಲ್ಲ ಎಂದು ವಿವರಿಸಿದೆ. ನೀನು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ನಾನು ಚಿಕ್ಕವಳಿದ್ದಾಗ ಬರೀ ಲೆಕ್ಕಕ್ಕಿದ್ದೆನಾ?" ಎಂದು ಕೇಳಿದ್ದು ನಿನಗೆ ನೆನಪಿದೆಯೋ ಇಲ್ಲವೋ. ಹುಡುಗಾಟದ ಮಾತೆಂದು ನಾನು ತಲೆ ನೇವರಿಸಿ ಎದ್ದುಹೋದೆ, ಏಕೆಂದರೆ ಉತ್ತರ ಗೊತ್ತಿತ್ತು.

ಈಗ 16ಕ್ಕೆ ಮತ್ತೆ ಲೆಕ್ಕಕ್ಕೆ ಬಂದಿದ್ದೀಯ, ಈ ಸಲ ಮಗುವಾಗಿ ಅಲ್ಲ, ಮಕ್ಕಳ ಬಳಿ ಇರಲು ಯೋಗ್ಯಳೇ ಎಂದು ನೋಡಬೇಕಾದ ದೊಡ್ಡವಳಾಗಿ. ಮೊದಲ ಸಲ ಯಾರೂ ನಿನ್ನ ಒಪ್ಪಿಗೆ ಕೇಳಿರಲಿಲ್ಲ. ಈ ಅರ್ಜಿಗೆ ನಿನ್ನ ಒಪ್ಪಿಗೆ ಬೇಕು. ಒಪ್ಪದಿದ್ದರೆ ನನ್ನ ನೋಂದಣಿಗೆ ತೊಡಕಾಗುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೂ ನಿನಗೆ ಕೇಳಬೇಕಾದ ಪ್ರಶ್ನೆಗಳಿದ್ದರೆ ಮೊದಲು ಕೇಳು, ಇಷ್ಟು ವರ್ಷದಲ್ಲಿ ಬಾಕಿ ಉಳಿದವನ್ನೂ ಸೇರಿಸಿ.

ಶನಿವಾರ ಯಾವ ಮಗುವೂ ಬರುವುದಿಲ್ಲ. ನಿನ್ನ ಪಾಸ್‌ಪೋರ್ಟನ್ನು ಮೇಜಿನ ಎಡಗಡೆಯ ಡ್ರಾಯರಿನಲ್ಲಿ ಇಟ್ಟಿದ್ದೇನೆ, ಬೆಳಿಗ್ಗೆ ದೋಸೆ ತಿಂದು ಒಟ್ಟಿಗೆ ಕೂತು ತುಂಬೋಣ. ಪ್ರಮಾಣಪತ್ರ ನನಗೆ ಬರುವುದಿಲ್ಲ, ನಿನ್ನ ಹೆಸರಿಗೇ ಅಂಚೆಯಲ್ಲಿ ಬರುತ್ತದೆ. ಬಂದ ದಿನ ನಿನ್ನ ಕೋಣೆಯ ಬಾಗಿಲ ಬಳಿ ಇಟ್ಟಿರುತ್ತೇನೆ, ಒಡೆಯುವುದಿಲ್ಲ.

ನಿನ್ನ
ಅಮ್ಮ