ಒಡ್ಡು ಎತ್ತರಿಸುವ ಮುಂಚೆ ಹೊಳೆಗೂ ಸ್ವಲ್ಪ ಜಾಗ ಬಿಡಿ: ಜಲಸಂಪನ್ಮೂಲ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಮ್ಮ ಹೊಳೆಯ ಒಡ್ಡನ್ನು ಇನ್ನೂ ಒಂದು ಮೀಟರ್ ಎತ್ತರ ಮಾಡುವ ಯೋಜನೆ ನಿಮ್ಮ ಮೇಜಿನ ಮೇಲಿದೆ ಅಂತ ಗೊತ್ತಾಯಿತು. ಸಹಿ ಹಾಕುವ ಮುಂಚೆ ಈ ಪತ್ರವನ್ನು ಒಮ್ಮೆ ಓದಿ. ನಾನು ತಗ್ಗು ಜಮೀನಿನ ರೈತ. ಒಡ್ಡಿನ ವಿರೋಧಿಯಲ್ಲ. ಅದರ ಹಿಂದೆಯೇ ನನ್ನ ಮನೆ ಇದೆ, ಮಳೆಗಾಲದಲ್ಲಿ ನನ್ನ ಮಕ್ಕಳು ಅದನ್ನು ನಂಬಿಯೇ ಮಲಗುತ್ತಾರೆ. ಆದರೆ ಎತ್ತರ ಮಾಡುವುದೊಂದೇ ದಾರಿ ಅಂತ ನೀವು ತೀರ್ಮಾನ ಮಾಡಿಬಿಟ್ಟರೆ ಮುಂದೆ ಅದನ್ನು ಸರಿಪಡಿಸುವುದು ಬಹಳ ಕಷ್ಟ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ಹಿಂದಿನ ದೊಡ್ಡ ನೆರೆ ಬಂದ ರಾತ್ರಿ ನಾನು ಒಡ್ಡಿನ ಮೇಲಿದ್ದೆ. ನೀರು ಒಡ್ಡಿನ ತಲೆಯಿಂದ ಎರಡೇ ಗೇಣು ಕೆಳಗಿತ್ತು. ಎಲ್ಲರ ಕಣ್ಣೂ ಹೊಳೆ ಕಡೆಗೆ. ಅಷ್ಟರಲ್ಲಿ ಪಕ್ಕದ ಜಮೀನಿನವರು ಹಿಂದಿನಿಂದ ಕೂಗಿದರು. ಒಡ್ಡಿನ ಈಚೆ, ಒಣಗಿರಬೇಕಾದ ಜಾಗದಲ್ಲಿ, ನೆಲದೊಳಗಿಂದ ನೀರು ಗುಳುಗುಳು ಉಕ್ಕುತ್ತಿತ್ತು. ಟಾರ್ಚ್ ಬಿಟ್ಟು ನೋಡಿದರೆ ಅಂಗೈ ಅಗಲದ ಬುಗ್ಗೆ, ಅದರ ಸುತ್ತ ನುಣ್ಣನೆಯ ಮರಳು ಇರುವೆಗೂಡಿನ ಹಾಗೆ ಗುಡ್ಡೆ ಬಿದ್ದಿತ್ತು. ಬರುವ ನೀರು ತಿಳಿಯಾಗಿದ್ದರೆ ಅಷ್ಟು ಭಯವಿಲ್ಲ. ಕದಡಿ ಬಂದರೆ ಒಡ್ಡಿನ ಬುಡದ ಮಣ್ಣು ಒಳಗೊಳಗೇ ಕೊಚ್ಚಿ ಹೋಗುತ್ತಿದೆ ಅಂತ ಅರ್ಥ. ನಮ್ಮದು ಕದಡಿತ್ತು. ಇಂಥ ಬುಗ್ಗೆಯ ಬಾಯಿ ಮುಚ್ಚಲು ಹೋಗಬಾರದು, ಮುಚ್ಚಿದರೆ ಇನ್ನೊಂದು ಕಡೆ ಬಾಯಿ ಬಿಡುತ್ತದೆ. ಸುತ್ತಲೂ ಮರಳು ಚೀಲ ಪೇರಿಸಿ ಬಾವಿಕಟ್ಟೆ ಥರ ಕಟ್ಟಿ, ಒಳಗೆ ನೀರು ಏರಲು ಬಿಟ್ಟರೆ ಆ ನೀರಿನ ಭಾರವೇ ಕೆಳಗಿನ ಒತ್ತಡವನ್ನು ಹಿಡಿದಿಡುತ್ತದೆ. ಹಾಗೇ ಮಾಡಿದೆವು. ಕೋಳಿ ಕೂಗುವ ಹೊತ್ತಿಗೆ ನೀರು ತಿಳಿಯಾಯಿತು.

ಹೊಳೆಯ ನೀರು ಎತ್ತರಕ್ಕೆ ಏರಿದಷ್ಟೂ ಆ ಬುಡದ ಮೇಲಿನ ಒತ್ತಡ ಜಾಸ್ತಿ ಆಗುತ್ತದೆ. ನಿಮ್ಮ ಅಂದಾಜುಪಟ್ಟಿಯಲ್ಲಿ ಒಡ್ಡಿನ ತಲೆಗೆ ಎಷ್ಟು ಮಣ್ಣು ಅಂತ ಖಂಡಿತ ಇರುತ್ತದೆ. ಬುಡಕ್ಕೆ ಏನು ಮಾಡುತ್ತಾರೆ ಅಂತ ದಯವಿಟ್ಟು ಕೇಳಿ.

ಅವತ್ತಿನ ಮಾತು ಅಲ್ಲಿಗೇ ಮುಗಿಯಲಿಲ್ಲ. ಬೆಳಗಾಗುವಾಗ ಹೊಳೆಯ ಮಟ್ಟ ಇದ್ದಕ್ಕಿದ್ದ ಹಾಗೆ ಒಂದಡಿ ಇಳಿಯಿತು. ಗೆದ್ದೆವು ಅಂದುಕೊಂಡೆವು. ಆಮೇಲೆ ಗೊತ್ತಾಯಿತು, ಆಚೆ ದಡದ ಒಡ್ಡು ಒಡೆದಿತ್ತು. ನಾವು ನಿಟ್ಟುಸಿರು ಬಿಟ್ಟ ಆ ಹೊತ್ತಿಗೆ ಅಲ್ಲಿಯವರು ದನಗಳ ಹಗ್ಗ ಬಿಚ್ಚಿ ಓಡುತ್ತಿದ್ದರು. ಅದು ಇವತ್ತಿಗೂ ನನಗೆ ನೋವು ಕೊಡುತ್ತದೆ. ನಮ್ಮ ಒಡ್ಡು ಇನ್ನೊಂದು ಮೀಟರ್ ಎತ್ತರವಾದರೆ ಅವರೂ ಒಂದು ಮೀಟರ್ ಕೇಳುತ್ತಾರೆ, ಕೇಳಲೇಬೇಕು. ಆಮೇಲೆ ಕೆಳಗಿನ ಊರಿನವರು. ನೀರು ಮಾತ್ರ ಅಷ್ಟೇ ಇರುತ್ತದೆ, ಅದು ಎಲ್ಲಾದರೂ ಹೋಗಲೇಬೇಕು ಅಲ್ವಾ?

ಇನ್ನೊಂದು ಸಂಗತಿ. ಹೊಳೆ ತುಂಬಿದಾಗ ಒಡ್ಡಿನ ತೂಬು ಮುಚ್ಚುತ್ತಾರೆ, ಮುಚ್ಚಬೇಕು. ಆದರೆ ನಮ್ಮ ಕಡೆ ಬಿದ್ದ ಮಳೆ ಎಲ್ಲಿಗೆ ಹೋಗಬೇಕು? ಆ ವರ್ಷ ನಮ್ಮ ಜಮೀನಿನಲ್ಲಿ ಹದಿನೆಂಟು ದಿನ ನೀರು ನಿಂತಿತು. ಹೊಳೆ ಇಳಿದ ಮೇಲೂ ತೂಬಿನ ಬಾಗಿಲು ತುಕ್ಕು ಹಿಡಿದು ಮೇಲೇಳಲಿಲ್ಲ. ಪೈರಿನ ಬುಡ ಕೈಯಲ್ಲಿ ಹಿಡಿದರೆ ಲೋಳೆ, ಎಳೆದರೆ ಬೇರು ಮಣ್ಣಿನಲ್ಲೇ ಉಳಿದು ಕಾಂಡ ಮಾತ್ರ ಕೈಗೆ ಬರುತ್ತಿತ್ತು. ಒಡ್ಡು ಒಡೆಯದೇ ಇದ್ದುದರಿಂದ ನಾವು ನೆರೆ ಸಂತ್ರಸ್ತರ ಪಟ್ಟಿಗೂ ಸೇರಲಿಲ್ಲ.

ಇದು ನಮ್ಮೊಬ್ಬರ ಕಥೆಯಲ್ಲ. ಬಿಹಾರದಲ್ಲಿ 1954ರಲ್ಲಿ ನದಿಗಳ ಒಡ್ಡು ಇದ್ದದ್ದು ಸುಮಾರು 160 ಕಿಲೋಮೀಟರ್, ನೆರೆಗೆ ತುತ್ತಾಗಬಹುದಾದ ಭೂಮಿ 25 ಲಕ್ಷ ಹೆಕ್ಟೇರ್ ಅಂತ ಲೆಕ್ಕವಿತ್ತು. ಆಮೇಲೆ ಒಡ್ಡು 3,400 ಕಿಲೋಮೀಟರ್ ದಾಟಿತು. ನೆರೆಯ ಭೂಮಿಯ ಲೆಕ್ಕವೂ 68 ಲಕ್ಷ ಹೆಕ್ಟೇರ್ ದಾಟಿತು. ಇದಕ್ಕೆಲ್ಲ ಒಡ್ಡೇ ಕಾರಣ ಅಂತ ನಾನು ಹೇಳುತ್ತಿಲ್ಲ, ಆದರೆ ಒಡ್ಡು ಕಟ್ಟಿದರೆ ನೆರೆ ನಿಲ್ಲುತ್ತದೆ ಅನ್ನುವವರು ಈ ಲೆಕ್ಕಕ್ಕೆ ಉತ್ತರ ಕೊಡಬೇಕು. ನೇಪಾಳದಿಂದ ಬಿಹಾರಕ್ಕೆ ಇಳಿಯುವ ಕೋಸಿ ನದಿ ಹೊತ್ತು ತರುವ ಹೂಳು ಮೊದಲು ಬಯಲಿನ ತುಂಬ ಹರಡುತ್ತಿತ್ತು. ಎರಡು ಒಡ್ಡುಗಳ ನಡುವೆ ಸಿಕ್ಕಿಕೊಂಡ ಮೇಲೆ ಅದು ನದಿಯ ತಳವನ್ನೇ ಎತ್ತರಿಸಿತು. 2008ರ ಆಗಸ್ಟ್ 18ರಂದು ನೇಪಾಳದ ಕುಸಹಾದಲ್ಲಿ ಆ ಒಡ್ಡು ಒಡೆಯಿತು. ಆಗ ನದಿಯಲ್ಲಿದ್ದದ್ದು ಒಡ್ಡು ತಡೆಯಬೇಕಾಗಿದ್ದ ನೀರಿಗಿಂತ ಬಹಳ ಕಡಿಮೆ. ಅಮೆರಿಕದ ಮಿಸಿಸಿಪ್ಪಿ ನದಿಗೂ ಬರೀ ಒಡ್ಡೇ ಸಾಕು ಅಂತ ಎಂಜಿನಿಯರುಗಳು ದಶಕಗಟ್ಟಲೆ ಹಟ ಹಿಡಿದಿದ್ದರು. 1927ರ ನೆರೆಯಲ್ಲಿ ಆರು ಲಕ್ಷಕ್ಕೂ ಜಾಸ್ತಿ ಜನ ಮನೆ ಬಿಡಬೇಕಾಯಿತು. ಮರುವರ್ಷವೇ ಕಾನೂನು ಬದಲಾಯಿತು, ನದಿಯ ನೀರನ್ನು ಪಕ್ಕಕ್ಕೆ ಬಿಡುವ ದಾರಿಗಳನ್ನು ಮಾಡಲು ಶುರು ಮಾಡಿದರು.

ಹಾಗಾದರೆ ಏನು ಮಾಡಬೇಕು ಅಂತ ನೀವು ಕೇಳಬಹುದು. ಊರು, ಶಾಲೆ, ಆಸ್ಪತ್ರೆ ಇರುವ ಕಡೆ ಒಡ್ಡು ಗಟ್ಟಿಯಾಗಿರಲಿ, ಬೇಕಿದ್ದರೆ ಎತ್ತರವೂ ಆಗಲಿ. ಆದರೆ ಬರೀ ಜಮೀನಿರುವ ಕಡೆ, ಅದರಲ್ಲೂ ಮತ್ತೆ ಮತ್ತೆ ಒಡೆಯುವ ಜಾಗದಲ್ಲಿ, ಒಡ್ಡನ್ನು ಹೊಳೆಯಿಂದ ಹಿಂದಕ್ಕೆ ಸರಿಸಿ. ಹೊಳೆಗೆ ಅಗಲ ಸಿಕ್ಕರೆ ಮಟ್ಟ ಇಳಿಯುತ್ತದೆ. ಆ ನಡುವಿನ ಜಾಗದಲ್ಲಿ ಹೂಳು ಇಳಿಯುತ್ತದೆ, ಮೀನು ಮರಿ ಮಾಡುತ್ತದೆ, ಅಂತರ್ಜಲಕ್ಕೂ ನೀರು ಇಂಗುತ್ತದೆ. ನೆರೆ ಇಲ್ಲದ ತಿಂಗಳುಗಳಲ್ಲಿ ಅಲ್ಲಿ ಬೇಸಾಯವನ್ನೂ ಮಾಡಬಹುದು.

ಇದು ಸುಮ್ನೆ ಹೇಳುವ ಮಾತಲ್ಲ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನದಿಯ ಪಕ್ಕ ಯೋಲೊ ಬೈಪಾಸ್ ಅಂತ 59,000 ಎಕರೆಯ ತಗ್ಗು ಪ್ರದೇಶವಿದೆ. ದೊಡ್ಡ ನೆರೆ ಬಂದಾಗ ನದಿಯ ಮುಖ್ಯ ಪಾತ್ರಕ್ಕಿಂತ ಹಲವು ಪಟ್ಟು ಹೆಚ್ಚು ನೀರು ಅಲ್ಲಿ ಹರಿದು ಊರು ಉಳಿಯುತ್ತದೆ. ಬೇಸಿಗೆಯಲ್ಲಿ ಅದೇ ನೆಲದಲ್ಲಿ ರೈತರು ಭತ್ತ ಬೆಳೆಯುತ್ತಾರೆ. ಚಳಿಗಾಲದಲ್ಲಿ ಅಲ್ಲಿಗೆ ನೀರುಹಕ್ಕಿಗಳು ಬರುತ್ತವೆ, ನೀರು ನಿಂತ ಬಯಲಿನಲ್ಲಿ ಸಾಲ್ಮನ್ ಮೀನಿನ ಮರಿಗಳು ನದಿಯೊಳಗಿನ ಮರಿಗಳಿಗಿಂತ ಬೇಗ ದೊಡ್ಡವಾಗುತ್ತವೆ ಅಂತ ವಿಜ್ಞಾನಿಗಳು ಅಳೆದು ನೋಡಿದ್ದಾರೆ. ನೆರೆ ತಡೆಯೋದು, ಬೆಳೆ ಬೆಳೆಯೋದು, ಮೀನು ಹಕ್ಕಿ ಉಳಿಸೋದು, ಮೂರೂ ಒಂದೇ ನೆಲದಲ್ಲಿ ನಡೆಯುತ್ತಿದೆ.

ನೆದರ್ಲೆಂಡ್ಸ್ ದೇಶದ್ದು ನನಗೆ ಇನ್ನೂ ಹತ್ತಿರದ ಉದಾಹರಣೆ, ಯಾಕೆಂದರೆ ಅಲ್ಲಿ ರೈತರೇ ಮುಂದೆ ಬಂದರು. 1995ರಲ್ಲಿ ಅಲ್ಲಿ ಒಡ್ಡು ಒಡೆಯುವ ಭಯಕ್ಕೆ ಸುಮಾರು ಎರಡೂವರೆ ಲಕ್ಷ ಜನರನ್ನು ಸ್ಥಳಾಂತರ ಮಾಡಿದ್ದರು. ಆಮೇಲೆ ನದಿಗೆ ಜಾಗ ಬಿಡುವ ಯೋಜನೆ ತಂದು ಮೂವತ್ತಕ್ಕೂ ಹೆಚ್ಚು ಕಡೆ ಕೆಲಸ ಮಾಡಿದರು. ನೈಮೇಖನ್ ನಗರದ ಎದುರು ಒಡ್ಡನ್ನು 350 ಮೀಟರ್ ಹಿಂದಕ್ಕೆ ಸರಿಸಿದರು. ಓವರ್‌ಡೀಪ್ ಅನ್ನುವ ಕಡೆ, ಹೇಗಿದ್ದರೂ ನಮ್ಮ ಜಮೀನು ಬೇಕು ಅಂತೀರಿ, ಹಾಗಾದರೆ ಪ್ಲಾನ್ ನಾವೇ ಕೊಡುತ್ತೇವೆ ಅಂತ ಹೈನುಗಾರರೇ ಎದ್ದು ನಿಂತರು. ಒಡ್ಡು ತಗ್ಗಿಸಿ, ಹಿಂದೆ ಎತ್ತರದ ದಿಬ್ಬಗಳನ್ನು ಹಾಕಿ, ಅವುಗಳ ಮೇಲೆ ಮನೆ ಕೊಟ್ಟಿಗೆ ಕಟ್ಟಿಕೊಂಡರು. ಅಪರೂಪಕ್ಕೊಮ್ಮೆ ದೊಡ್ಡ ನೆರೆ ಬಂದರೆ ಹುಲ್ಲುಗಾವಲು ಮುಳುಗುತ್ತದೆ, ಮನೆಯೂ ದನವೂ ಉಳಿಯುತ್ತವೆ. ಎಲ್ಲರಿಗೂ ಅಲ್ಲಿ ಜಾಗ ಸಿಗಲಿಲ್ಲ, ಅರ್ಧದಷ್ಟು ಕುಟುಂಬಗಳು ಬಿಟ್ಟು ಹೋಗಬೇಕಾಯಿತು. ಅದನ್ನೂ ನಾವು ಮರೆಯಬಾರದು. ಆದರೆ ಯಾರು ಇರಬೇಕು, ಯಾರು ಹೋಗಬೇಕು ಅನ್ನುವ ಆ ಕಷ್ಟದ ಮಾತು ರೈತರನ್ನು ಎದುರಿಗೆ ಕೂರಿಸಿಕೊಂಡೇ ನಡೆಯಿತು.

ಪರಿಸರದವರ ಹತ್ತಿರವೂ ನನ್ನದೊಂದು ಮಾತಿದೆ, ನಿಮ್ಮ ಮೂಲಕವೇ ಹೇಳುತ್ತೇನೆ. ಹೊಳೆ ಬದಿಯೆಲ್ಲ ಗಿಡ ನೆಟ್ಟುಬಿಟ್ಟರೆ ಆಯಿತು ಅನ್ನುವುದು ಸರಿಯಲ್ಲ. ನೆರೆ ನೀರು ಹರಿಯಬೇಕಾದ ದಾರಿಗೆ ಅಡ್ಡವಾಗಿ ದಟ್ಟ ಗಿಡ ಬೆಳೆದರೆ ನೀರಿನ ಓಟ ನಿಧಾನವಾಗುತ್ತದೆ, ಮೇಲಿನ ಊರುಗಳಲ್ಲಿ ಮಟ್ಟ ಏರುತ್ತದೆ. ಯೋಲೊ ಬೈಪಾಸ್‌ನಲ್ಲೂ ಅದಕ್ಕೇ ಗಿಡಗಂಟಿ ಎಷ್ಟು ಇರಬಹುದು ಅನ್ನುವುದಕ್ಕೆ ಮಿತಿ ಹಾಕಿದ್ದಾರೆ. ಒಡ್ಡಿನ ಮೈಮೇಲೆ ಹುಲ್ಲೇ ಚೆನ್ನ. ಕೊರೆತ ಇರುವ ದಡದಲ್ಲಿ ಬೇರು ಆಳಕ್ಕೆ ಇಳಿಯುವ ಸ್ಥಳೀಯ ಮರಗಳಿರಲಿ. ಜೌಗು ನೆಲ ಸ್ಪಂಜಿನ ಹಾಗೆ ನೀರು ಕುಡಿಯುತ್ತದೆ ಅನ್ನುತ್ತಾರೆ, ನಿಜ, ಆದರೆ ವಾರಗಟ್ಟಲೆ ಮಳೆ ಬಿದ್ದು ತುಂಬಿದ ಮೇಲೆ ಅದೂ ಕುಡಿಯುವುದಿಲ್ಲ. ದೊಡ್ಡ ನೆರೆಗೆ ಜಾಗವೂ ಬೇಕು, ಒಡ್ಡೂ ಬೇಕು. ಹಾಗಾಗಿ ಎಂಜಿನಿಯರು, ಪರಿಸರ ತಜ್ಞರು, ರೈತರು ಬೇರೆ ಬೇರೆ ಸಭೆ ಮಾಡುವುದನ್ನು ಬಿಟ್ಟು ಒಂದೇ ನಕ್ಷೆಯ ಮುಂದೆ ಕೂರಬೇಕು.

ಕೆಡಿಸಿದ್ದನ್ನು ಆಮೇಲೆ ಸರಿ ಮಾಡುವುದು ಎಷ್ಟು ನಿಧಾನ ಅಂತ ಗೊತ್ತಾಗಬೇಕಾದರೆ ಫ್ಲಾರಿಡಾದ ಕಿಸ್ಸಿಮ್ಮಿ ನದಿ ನೋಡಿ. 166 ಕಿಲೋಮೀಟರ್ ಬಳುಕಿ ಹರಿಯುತ್ತಿದ್ದ ನದಿಯನ್ನು 1962ರಿಂದ 1971ರ ನಡುವೆ 90 ಕಿಲೋಮೀಟರ್‌ನ ನೇರ ಕಾಲುವೆ ಮಾಡಿದರು. ಜೌಗು ಒಣಗಿತು, ನೀರುಹಕ್ಕಿಗಳು ಕಾಣೆಯಾದವು. ಅದರಲ್ಲಿ ಒಂದು ಭಾಗವನ್ನು ಮತ್ತೆ ಬಳುಕಿಸುವ ಕೆಲಸ 1999ರಲ್ಲಿ ಶುರುವಾಗಿ 2021ರಲ್ಲಿ ಮುಗಿಯಿತು.

ಈಗ ದುಡ್ಡಿನ ವಿಷಯ. ನನ್ನ ಪತ್ರದ ಮುಖ್ಯ ಮಾತೇ ಇದು. ಜಮೀನು ಬಿಡಿ ಅಂತ ರೈತನಿಗೆ ಹೇಳುವುದು ಸುಲಭ. ಊರು ಉಳಿಯಲಿ ಅಂತ ನನ್ನ ಹೊಲ ಮುಳುಗುವುದಾದರೆ, ಅದು ನಾನು ಊರಿಗೆ ಮಾಡುವ ಕೆಲಸ. ಕೆಲಸಕ್ಕೆ ಸಂಬಳ ಬೇಕು. ನೆರೆ ಬಂದ ಮೇಲೆ ಅರ್ಜಿ ಹಿಡಿದು ಕಚೇರಿ ಅಲೆದು ಪಡೆಯುವ ಪರಿಹಾರ ಬೇಡ. ನೆರೆ ಬರುವ ಮುಂಚೆಯೇ ಲಿಖಿತ ಒಪ್ಪಂದ ಆಗಲಿ: ಜಮೀನು ನನ್ನ ಹೆಸರಿನಲ್ಲೇ ಇರುತ್ತದೆ, ನೀರು ಹರಿಸುವ ಹಕ್ಕಿಗೆ ಇಷ್ಟು, ಪೈರು ಇದ್ದಾಗ ಮುಳುಗಿದರೆ ಇಷ್ಟು, ಮರಳು ಬಿದ್ದರೆ ತೆಗೆಸುವ ಖರ್ಚು ಸರ್ಕಾರದ್ದು, ಇಷ್ಟು ದಿನದೊಳಗೆ ಖಾತೆಗೆ ಜಮಾ. ಗೇಣಿಗೆ ಮಾಡುವವರ, ಕೂಲಿಗೆ ಬರುವವರ ಪಾಲೂ ಅದರಲ್ಲೇ ಬರೆದಿರಲಿ. ಪರಿಹಾರ ಜಮೀನಿನ ದಾಖಲೆಯಲ್ಲಿ ಹೆಸರಿದ್ದವರಿಗೆ ಹೋಗುತ್ತದೆ, ಬೆಳೆ ಕಳೆದುಕೊಂಡವರು ಬರಿಗೈಯಲ್ಲಿ ನಿಲ್ಲುತ್ತಾರೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಒಪ್ಪಂದ ಒಮ್ಮೆ ಮಾಡಿ ಕಪಾಟಿನಲ್ಲಿಟ್ಟರೂ ಆಗದು. ಮಿಸಿಸಿಪ್ಪಿ ಪಕ್ಕದ ಬರ್ಡ್ಸ್ ಪಾಯಿಂಟ್ ಅನ್ನುವಲ್ಲಿ ನೀರು ಬಿಡುವ ಹಕ್ಕನ್ನು ಸರ್ಕಾರ ಹಿಂದೆಯೇ ಪಡೆದುಕೊಂಡಿತ್ತು. 1937ರಲ್ಲಿ ಒಮ್ಮೆ ಬಳಸಿತು. ಆಮೇಲೆ 74 ವರ್ಷ ಅಲ್ಲಿ ನೀರು ಬಿಡಲಿಲ್ಲ. ಜನ ಮನೆ ಕಟ್ಟಿಕೊಂಡರು, ಬೇಸಾಯ ಮಾಡಿಕೊಂಡು ಬಂದರು. 2011ರ ಮೇ ತಿಂಗಳಲ್ಲಿ ಅಲ್ಲೇ ಹತ್ತಿರದ, ಅಮೆರಿಕದ ಕೈರೋ ಪಟ್ಟಣವನ್ನು ಉಳಿಸಲು ಒಡ್ಡನ್ನು ಸ್ಫೋಟಿಸಿ ಸುಮಾರು 1,30,000 ಎಕರೆಗೆ ನೀರು ನುಗ್ಗಿಸಬೇಕಾದಾಗ ಜಗಳ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಆ ರೈತರ ಸಿಟ್ಟು ನನಗೆ ಅರ್ಥವಾಗುತ್ತದೆ. ಅಜ್ಜ ಹಾಕಿದ ಸಹಿ ಮೊಮ್ಮಗನಿಗೆ ಒಂದು ರಾತ್ರಿ ಇದ್ದಕ್ಕಿದ್ದ ಹಾಗೆ ನೆನಪಿಗೆ ಬರುವಂತಾಗಬಾರದು. ಇಷ್ಟು ವರ್ಷಕ್ಕೊಮ್ಮೆ ಒಪ್ಪಂದವನ್ನು ಮತ್ತೆ ಓದಿ, ಮೊತ್ತ ಪರಿಷ್ಕರಿಸಿ, ಆ ಜಾಗದಲ್ಲಿ ಹೊಸ ಮನೆ ಏಳದ ಹಾಗೆ ನೋಡಿಕೊಳ್ಳಬೇಕು.

ಇದೆಲ್ಲ ಆಗಲು ವರ್ಷಗಳು ಬೇಕು, ಗೊತ್ತು. ಈ ಬೇಸಿಗೆಯಲ್ಲೇ ಮಾಡಬಹುದಾದದ್ದೂ ಇದೆ. ತೂಬುಗಳ ಬಾಗಿಲು ರಿಪೇರಿ ಮಾಡಿಸಿ, ಪ್ರತಿ ತೂಬಿಗೂ ಒಬ್ಬ ಜವಾಬ್ದಾರಿ ಮನುಷ್ಯ ಇರಲಿ. ಒಡ್ಡಿನ ಹಿಂದೆ ಹಳೆ ಹೊಳೆಯ ತಿರುವೊಂದು ಕಸ ತುಂಬಿಕೊಂಡು ಬಿದ್ದಿದೆ. ಅದನ್ನು ಎತ್ತಿಸಿ ಬಸಿಗಾಲುವೆಗೆ ಜೋಡಿಸಿದರೆ ಮಳೆ ನೀರಿಗೆ ನಿಲ್ಲಲು ಒಂದು ತಾವು ಸಿಗುತ್ತದೆ. ಒಡ್ಡಿನ ಬುಡದ ಹತ್ತಿರ ಮರಳು ತೆಗೆಯುವುದನ್ನು ನಿಲ್ಲಿಸಿ. ಒಂದು ಮೀಟರ್ ಎತ್ತರಿಸಿದರೆ ಆಚೆ ದಡಕ್ಕೆ, ಕೆಳಗಿನ ಊರುಗಳಿಗೆ ಎಷ್ಟು ನೀರು ಏರುತ್ತದೆ ಅನ್ನುವ ಲೆಕ್ಕವನ್ನು ಎಲ್ಲರಿಗೂ ಅರ್ಥವಾಗುವ ಭಾಷೆಯಲ್ಲಿ ಊರಿನ ಗೋಡೆಗೆ ಅಂಟಿಸಿ. ಆ ಲೆಕ್ಕ ಬರುವವರೆಗೆ ದಯವಿಟ್ಟು ಸಹಿ ಹಾಕಬೇಡಿ.

ನೆರೆ ಬಂದಾಗ ನೀವು ಬರುತ್ತೀರಿ. ಈ ಸಲ ಹೊಳೆ ಬತ್ತಿದಾಗ ಬನ್ನಿ. ನಿಮ್ಮ ಎಂಜಿನಿಯರನ್ನೂ ನಕ್ಷೆಯನ್ನೂ ಕರೆತನ್ನಿ. ಮೊದಲು ಯಾವ ಹೊಲ ಮುಳುಗುತ್ತದೆ, ನೀರು ಯಾವ ಬದುವಿನಿಂದ ಒಳಗೆ ಬರುತ್ತದೆ, ಯಾವ ಕಡೆಯಿಂದ ಕೊನೆಗೆ ಇಳಿಯುತ್ತದೆ ಅಂತ ನಾವು ಪೆನ್ಸಿಲಿನಲ್ಲಿ ಗುರುತು ಮಾಡಿ ತೋರಿಸುತ್ತೇವೆ. ಆಚೆ ದಡದವರನ್ನೂ ಕರೆಯುತ್ತೇವೆ. ಹೊಳೆಗೆ ಬಿಡಬಹುದಾದ ಜಾಗದಲ್ಲಿ ನನ್ನ ಎರಡು ಎಕರೆಯೂ ಇದೆ. ಒಪ್ಪಂದ ನ್ಯಾಯವಾಗಿದ್ದರೆ ಮೊದಲ ಸಹಿ ನಾನೇ ಹಾಕುತ್ತೇನೆ.

ಇಂತಿ ನಿಮ್ಮ,
ಒಡ್ಡಿನ ಹಿಂದಿನ ಒಬ್ಬ ರೈತ